ಉಚ್ಚಂಗೆಪ್ಪನ ವ್ಯಾನಿಗೆ ಪಕ್ಕದ ಬಾಗಿಲು

ಕೂಡ್ಲಿಗಿಯ ಹುಲುಗಣ್ಣನ ಹೋಟೆಲ್ಲಿನಲ್ಲಿ ಸಂಜೆ ಮಿರ್ಚಿ ಕರಿಯುವ ಹೊತ್ತಿಗೆ ಎದ್ದು ಕೂರುವ ಜಗಳಗಳಲ್ಲಿ ಒಂದು ಬಹಳ ಹಳೆಯದು. ಈ ತಾಲ್ಲೂಕಿಗೆ ಮೊದಲು ಬಂದ ವ್ಯಾನ್ ಯಾವುದು ಎಂಬುದು.

"ನಂದೇ ಅಲ್ಲೇನಲೇ," ಎನ್ನುತ್ತಿದ್ದ ಉಚ್ಚಂಗೆಪ್ಪ. "ಎಂಬತ್ತೆಂಟನೇ ಇಸವಿ. ಕೊಟ್ಟೂರಿನ ಶೇಂಗಾ ಮಿಲ್ಲಿನ ಸಾವ್ಕಾರ್ರು ಮೆಟಡೋರ್ ತಂದಾಗ ಅದರ ಕ್ಲೀನರ್ ಯಾರು? ನಾನು."

"ಅದು ಲಾರಿ ಮರಿ," ಎಂದು ಬೊಮ್ಮಪ್ಪ ಅಡ್ಡ ಬಾಯಿ ಹಾಕುತ್ತಿದ್ದ. ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು. "ಶೇಂಗಾ ಚೀಲದ ಮ್ಯಾಲೆ ಮಂದಿ ಕುಂತ್ರ ವ್ಯಾನ್ ಆಗತೈತೇನು? ಡಾಕ್ಟ್ರು ಬಿಳೇ ಓಮ್ನಿ ತಂದ್ರಲ್ಲ, ಅದು ವ್ಯಾನ್. ಪಕ್ಕದ ಬಾಗಿಲು ಎಷ್ಟು ಚಂದ ಸರೀತಿತ್ತು."

"ನಿನ್ನ ಹೆಂಡ್ತಿನ ಹೆರಿಗಿಗೆ ಹೊಸಪ್ಯಾಟಿಗೆ ಒಯ್ದಿದ್ದು ಯಾವುದ್ರಾಗಲೇ, ಡಾಕ್ಟ್ರ ಓಮ್ನಿಯಾಗೇನು?"

ಎಲ್ಲರೂ ನಗುತ್ತಿದ್ದರು, ಬೊಮ್ಮಪ್ಪನೂ ನಗುತ್ತಿದ್ದ. ಜಗಳ ನಾಳೆಗೆ ಉಳಿಯುತ್ತಿತ್ತು.

ಹೊಸಹಳ್ಳಿ ಕಡೆಯ ಕುರಿಗಾರರ ಮನೆಯ ಮೂವರು ಮಕ್ಕಳಲ್ಲಿ ಇಬ್ಬರು ಕುರಿಯ ಹಿಂದೆ ಹೋದರು, ಉಚ್ಚಂಗೆಪ್ಪ ಸ್ಟೇರಿಂಗ್ ಹಿಡಿದ. ಮಿಲ್ಲಿನ ಮೆಟಡೋರ್ ಗುಜರಿಗೆ ಹೋಗಿ ಯಾವ ಕಾಲವಾಯಿತೋ. ಆಮೇಲೆ ಅವನು ಸ್ವಂತಕ್ಕೆ ಕೊಂಡದ್ದು ಜೀಪಿನ ಜಾತಿಯ ಉದ್ದನೆಯ ಗಾಡಿ. ಹಿಂದೆ ಒಂದೇ ಬಾಗಿಲು, ಒಳಗೆ ಎದುರುಬದುರು ಎರಡು ಬೆಂಚು. ಊರವರು ಅದನ್ನೂ ಮೆಟಡೋರ್ ಎಂದೇ ಕರೆದರು. ಇಪ್ಪತ್ತೆರಡು ವರ್ಷ ಅದರಲ್ಲಿ ಶಾಲೆಯ ಮಕ್ಕಳನ್ನು ಸಾಗಿಸಿದ. ಯಾವ ಮಗುವಿಗೆ ಯಾವ ತಿರುವಿನಲ್ಲಿ ವಾಂತಿ ಬರುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ಕಾಗದ ಪತ್ರ ಎಲ್ಲ ನೆಟ್ಟಗಿದ್ದವು. ವರ್ಷಕ್ಕೊಮ್ಮೆ ಹೊಸಪೇಟೆಯ ಆರ್‌ಟಿಓ ಕಚೇರಿಗೆ ಹೋಗಿ ಗಾಡಿ ತೋರಿಸಿ ಪಾಸ್ ಮಾಡಿಸಿಕೊಂಡು ಬರುತ್ತಿದ್ದ.

ಒಂದೇ ಒಂದು ಸಂಗತಿ. ಸಂತೆಯ ದಿನ ನಸುಕಿನಲ್ಲಿ ತಮ್ಮಂದಿರ ನಾಲ್ಕಾರು ಕುರಿಮರಿಗಳು ಅದರಲ್ಲೇ ಹೋಗಬೇಕು. ಇಳಿಸಿ ಬಂದವನೇ ಫಿನಾಯಿಲ್ ಹಾಕಿ ತೊಳೆದು ಮಕ್ಕಳ ಮನೆಗಳತ್ತ ಹೊರಡುತ್ತಿದ್ದ. ಫಿನಾಯಿಲ್ ಎಷ್ಟು ಹಾಕಿದರೂ ಅದರ ಅಡಿಯಲ್ಲಿ ಇನ್ನೊಂದು ವಾಸನೆ ಉಳಿಯುತ್ತಿತ್ತು. ಮಕ್ಕಳಿಗೆ ಅದು ಅಭ್ಯಾಸ. ಅವರಲ್ಲಿ ಪುಟ್ಟ ಕೋಮಲಾಳಿಗಂತೂ ಇಷ್ಟ. ಸಂತೆಯ ದಿನ ಬೆಂಚಿನ ಸಂದಿಯಲ್ಲಿ ಸಿಕ್ಕ ಉಣ್ಣೆಯ ಎಳೆಯನ್ನು ಕಂಪಾಸ್ ಬಾಕ್ಸಿನಲ್ಲಿಟ್ಟುಕೊಂಡು ಬರುತ್ತಿದ್ದಳು.

ಕೋಮಲಾಳ ತಾಯಿ ಅಮೃತಾ ದಾವಣಗೆರೆಯಲ್ಲಿ ಓದಿದವಳು. ಕೂಡ್ಲಿಗಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟ ಗವಿಸಿದ್ದೇಶನನ್ನು ಮದುವೆಯಾಗಿ ಬಂದು ಏಳು ವರ್ಷ. ಮಗಳು ಹುಟ್ಟಿದ ಮೇಲೆ ಅವಳಿಗೆ ಹೆದರಿಕೆ ಇಲ್ಲದ ದಿನವೇ ಇರಲಿಲ್ಲ. ನಾಯಿ, ನೀರಿನ ತೊಟ್ಟಿ, ಜ್ವರ, ಗಂಟಲಲ್ಲಿ ಸಿಗುವ ಶೇಂಗಾ ಕಾಳು. "ಹಿಂಗ ಹೆದರಿದ್ರ ಕೂಸು ಬೆಳಿಯೋದು ಯಾವಾಗವ್ವಾ," ಎಂದು ಅತ್ತೆ ನಾಗಲಿಂಗಮ್ಮ ನಗುತ್ತಿದ್ದರು. ಅಷ್ಟೊಂದು ಹೆದರಿಕೆಗಳ ನಡುವೆ ಉಚ್ಚಂಗೆಪ್ಪನ ಗಾಡಿಯ ಹೆದರಿಕೆ ಮಾತ್ರ ಅವಳಿಗೆ ಎಂದೂ ಇರಲಿಲ್ಲ. ಇದನ್ನು ಅವಳು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಳು.

ಶಾಲೆಯ ವಾರ್ಷಿಕೋತ್ಸವ ಸಂತೆಯ ದಿನವೇ ಬಿತ್ತು. ದಾವಣಗೆರೆಯಿಂದ ತಂಗಿ ಸುಮಲತಾ ಬಂದಿದ್ದಳು. ಇಬ್ಬರೂ ರೇಷ್ಮೆ ಸೀರೆ ಉಟ್ಟು, ಕೋಮಲಾಳಿಗೆ ನವಿಲಿನ ವೇಷ ಹಾಕಿ, ಮೆಟಡೋರ್‌ನಲ್ಲೇ ಹೊರಟರು. ಎರಡು ನಿಮಿಷಕ್ಕೆ ಸುಮಲತಾ ಸೆರಗನ್ನು ಮೂಗಿಗೆ ಹಿಡಿದಳು.

"ಅಕ್ಕಾ, ಕುರಿ ದೊಡ್ಡೀಲಿ ಕೂತಂಗಾಯ್ತು. ಮಗೂನ ದಿನಾ ಇದ್ರಲ್ಲೇ ಕಳಿಸ್ತೀಯಾ?"

ಅಮೃತಾಳ ಮುಖಕ್ಕೆ ಬಿಸಿ ಏರಿತು. "ಬೇರೆ ವ್ಯಾನ್ ಮಾತಾಡೀವಿ, ಮುಂದಿನ ತಿಂಗಳಿಂದ," ಎಂದಳು. ಅಂಥ ಮಾತೇ ಆಗಿರಲಿಲ್ಲ. ಹೇಳಿ ಮುಗಿಸಿ ಕಿಟಕಿಯ ಕಡೆ ತಿರುಗಿಕೊಂಡಳು.

ಹದಿನೈದು ದಿನಕ್ಕೆ ಶಾಲೆಯಲ್ಲಿ ಪೋಷಕರ ಸಭೆ. ಎಲ್ಲೋ ದೂರದ ಊರಿನಲ್ಲಿ ಮಕ್ಕಳ ಗಾಡಿಯೊಂದು ಮಗುಚಿದ ಸುದ್ದಿ ಬಂದಿತ್ತು. ಇನ್ನು ಮುಂದೆ ಬಸ್ಸು, ಇಲ್ಲವೇ ವ್ಯಾನ್ ಎರಡೇ ಇರಲಿ ಎಂದರು ಮುಖ್ಯೋಪಾಧ್ಯಾಯಿನಿ. ಹಾಗಾದರೆ ವ್ಯಾನ್ ಎಂದರೆ ಯಾವುದು, ಉಚ್ಚಂಗೆಪ್ಪನದು ವ್ಯಾನೋ ಅಲ್ಲವೋ ಎಂದು ಯಾರೋ ಕೇಳಿದರು. ಹೋಟೆಲ್ಲಿನ ಜಗಳ ಶಾಲೆಗೇ ಬಂತು.

ಅಮೃತಾ ಹಿಂದಿನ ದಿನವೇ ಮೊಬೈಲಿನಲ್ಲಿ ಹುಡುಕಿ ಓದಿದ್ದಳು. ಓದಿದಷ್ಟೂ ತಲೆ ಚಿಟ್ಟು ಹಿಡಿದಿತ್ತು. ಮಿನಿವ್ಯಾನ್ ಹುಟ್ಟಿದ್ದೇ ಎಂಬತ್ತರ ದಶಕದ ಅಮೆರಿಕದಲ್ಲಿ ಎಂದು ಕೆಲವರು. ಅದಕ್ಕೂ ಮೂವತ್ತು ವರ್ಷ ಮೊದಲೇ ಜರ್ಮನಿಯಲ್ಲಿ, ಇಟಲಿಯಲ್ಲಿ ಅಂಥವು ಓಡಾಡುತ್ತಿದ್ದವು ಎಂದು ಇನ್ನು ಕೆಲವರು. ಅದೂ ಅಲ್ಲ, ಮೂವತ್ತರ ದಶಕದಲ್ಲಿ ಬೆರಳೆಣಿಕೆಯಷ್ಟು ತಯಾರಾದ ಜೀರುಂಡೆಯಂಥ ಕಾರೇ ಮೊದಲನೆಯದು ಎಂದು ಮತ್ತೂ ಕೆಲವರು. ಯಾವುದು ಲೆಕ್ಕಕ್ಕೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ಬಲ್ಲವರಲ್ಲೇ ಒಮ್ಮತವಿರಲಿಲ್ಲ. ಮೊದಲನೆಯದು ಎಂದು ಹೇಳಿಸಿಕೊಂಡ ಆ ಹಳೆಯ ಗಾಡಿಗಳಿಗೆ ಸರಿಯುವ ಬಾಗಿಲು ಇರಲೇ ಇಲ್ಲ ಎಂಬುದನ್ನೂ ಅವಳು ಓದಿದ್ದಳು.

ಸಭೆಯಲ್ಲಿ ಎದ್ದು ನಿಂತಳು. "ಪಕ್ಕದಲ್ಲಿ ಸರಿಯೋ ಬಾಗಿಲು ಇದ್ರೆ ಮಾತ್ರ ವ್ಯಾನ್. ಇಲ್ಲದಿದ್ರೆ ಅದು ವ್ಯಾನ್ ಅನ್ನಿಸಿಕೊಳ್ಳಲ್ಲ. ನಾನು ಓದಿದೀನಿ," ಎಂದಳು, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ.

ಅಷ್ಟು ಖಚಿತವಾಗಿ ಹೇಳಿದವಳ ಮಾತನ್ನು ಯಾರು ತೆಗೆದುಹಾಕುತ್ತಾರೆ? ಉಚ್ಚಂಗೆಪ್ಪ ಬಾಗಿಲ ಬಳಿ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿದ್ದ. "ಬಾಗಿಲು ಒಂದಾ ಕಮ್ಮೀ ಏನ್ರಿ?" ಎಂದು ಕೇಳಿದ. ಅಮೃತಾ ಹೌದು ಎಂದಳು. ಅವನು ತಲೆಯಾಡಿಸಿ ಹೋದ.

ಮುಂದಿನ ವಾರದಿಂದ ಹಳದಿ ವ್ಯಾನೊಂದು ಬರತೊಡಗಿತು. ಉಳಿದ ತಾಯಂದಿರು ಅಮೃತಾಳನ್ನು ಕಂಡರೆ, "ಛಲೋ ಮಾತು ಹೇಳಿದ್ರಿ ಬಿಡ್ರಿ," ಎನ್ನುತ್ತಿದ್ದರು. ಅವಳಿಗೆ ಆ ಮಾತು ಕೇಳಿಸಿಕೊಳ್ಳಲು ಆಗುತ್ತಿರಲಿಲ್ಲ.

ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಮನೆಯ ಮುಂದೆ ಪರಿಚಯದ ಹಾರನ್ ಎರಡು ಸಲ ಕೇಳಿಸಿತು. ಹೊರಗೆ ಬಂದರೆ ಉಚ್ಚಂಗೆಪ್ಪ, ಮೆಟಡೋರ್. ಗಾಡಿಯ ಎಡಮೈಯನ್ನು ಕುಯ್ದು, ಯಾವುದೋ ಗುಜರಿ ಗಾಡಿಯ ಬಿಳಿ ಬಾಗಿಲನ್ನು ಕೂರಿಸಲಾಗಿತ್ತು.

"ಕೊಟ್ಟೂರಿನ ಅಂಜಿನೇಯಲು ಮಾಡಿಕೊಟ್ಟ, ಅಕ್ಕಾರ. ನಾಕು ದಿನ ಅಲ್ಲೇ ಅವನ ವೆಲ್ಡಿಂಗ್ ಶಾಪಿನಾಗ ಬಿದ್ದಿದ್ದೆ," ಎಂದು ಹಿಡಿಕೆ ಎಳೆದ. ಬಾಗಿಲು ಅರ್ಧ ಸರಿದು ನಿಂತಿತು, ಭುಜ ಕೊಟ್ಟು ತಳ್ಳಿದ ಮೇಲೆ ಪೂರ್ತಿ ತೆರೆಯಿತು. "ಸ್ವಲ್ಪ ಗ್ರೀಸ್ ಬೇಕು. ಈಗಾರ ವ್ಯಾನ್ ಆತಿಲ್ರಿ?"

ಆತು ಎಂದು ಅಮೃತಾ ಹೇಗೋ ಹೇಳಿದಳು.

"ಹಂಗಾರ ಪಾಸ್ ಮಾಡಿಸಿಕೊಂಡು ಬರ್ತೀನಿ," ಎಂದು ಹೊಸಪೇಟೆಯ ಕಡೆ ಹೊರಟ.

ಸಂಜೆ ಗವಿಸಿದ್ದೇಶ ಅಂಗಡಿಯಿಂದ ಸುದ್ದಿ ತಂದ. "ಗಾಡಿ ಮೈ ಕುಯ್ದಾರ, ಪಾಸ್ ಮಾಡಾಂಗಿಲ್ಲ ಅಂದ್ರಂತ. ಇದ್ದ ಕಾಗದನೂ ಕೆಟ್ಟು ಹೋತು. ಯಾರ ಮಾತು ಕೇಳಿ ಹಿಂಗ ಮಾಡ್ಕೊಂಡನೋ ಮಾರಾಯ."

"ನನ್ನ ಮಾತು," ಎಂದಳು ಅಮೃತಾ. ನಾಗಲಿಂಗಮ್ಮ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿ ಸೊಸೆಯನ್ನು ನೋಡಿದರು. ಬೈಯಲಿಲ್ಲ. "ಹೋಗಿ ಹೇಳಿ ಬಾ," ಎಂದರು, ಅಷ್ಟೇ.

ಮರುದಿನ ಹುಲುಗಣ್ಣನ ಹೋಟೆಲ್ಲಿನ ಪಕ್ಕದಲ್ಲಿ ಗಾಡಿ ನಿಂತಿತ್ತು. ಉಚ್ಚಂಗೆಪ್ಪ ಹೊಸ ಬಾಗಿಲ ಹಳಿಗೆ ಗ್ರೀಸ್ ಹಚ್ಚುತ್ತಿದ್ದ, ಯಾಕೆ ಎಂದು ಅವನಿಗೇ ಗೊತ್ತಿದ್ದಂತಿರಲಿಲ್ಲ.

"ಉಚ್ಚಂಗೆಪ್ಪಾರ, ಬಾಗಿಲಿನ ರೂಲ್ಸು ಎಲ್ಲೂ ಇಲ್ಲ," ಎಂದಳು ಅಮೃತಾ. "ನಾನು ಸುಳ್ಳು ಹೇಳಿದೆ. ಅಂಥ ಬಾಗಿಲು ಇಲ್ಲದ್ದನ್ನೂ ವ್ಯಾನ್ ಅಂತಾರೆ ಅಂತ ಓದಿ, ಮುಚ್ಚಿಟ್ಟೆ."

ಅವನು ಬಟ್ಟೆಗೆ ಕೈ ಒರೆಸಿಕೊಂಡ.

"ಸುಳ್ಳೋ ಖರೇನೋ ನನಗೇನು ತಿಳಿತತಿ ಅಕ್ಕಾರ. ಆದ್ರ ಬಾಗಿಲ ಮಾತಲ್ಲ ಅದು ಅಂತ ಗೊತ್ತಿತ್ತು. ನಿಮ್ಮ ತಂಗಿ ಸೆರಗು ಮೂಗಿಗೆ ಹಿಡಿದಿದ್ದು ಕನ್ನಡಿಯಾಗ ನೋಡಿದ್ದೆ. ನೀವು ಕಿಟಕಿ ಕಡಿ ಮಾರಿ ತಿರುವಿದ್ದೂ ನೋಡಿದ್ದೆ." ಹಿಡಿಕೆಗೆ ಮೆತ್ತಿದ್ದ ಗ್ರೀಸನ್ನೂ ಒರೆಸಿದ. "ದೊಡ್ಡ ಬಾಗಿಲಾದ್ರ ಗಾಳಿ ಆಡತೈತಿ, ವಾಸನಿನೂ ಹೋಗತೈತಿ ಅಂದ್ಕೊಂಡೆ. ವಾಸನಿ ಐತಿ ಅಂದಿದ್ರ ಸಾಕಿತ್ರಿ."

ಇಷ್ಟು ದಿನ ಅಮೃತಾ ತನ್ನ ಸುಳ್ಳು ತನ್ನೊಬ್ಬಳ ಹತ್ತಿರವೇ ಇದೆ ಎಂದುಕೊಂಡಿದ್ದಳು. ಅದು ಮೊದಲ ದಿನದಿಂದಲೂ ಅವನ ಕನ್ನಡಿಯಲ್ಲಿ ಕೂತಿತ್ತು.

ಮುಂದಿನ ಸಭೆಯಲ್ಲಿ ಎದ್ದು ನಿಂತು, ತಂಗಿಯ ಸೆರಗಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಛಲೋ ಮಾತು ಹೇಳಿದ್ರಿ ಎಂದಿದ್ದವರು ಯಾರೂ ಅವಳತ್ತ ನೋಡಲಿಲ್ಲ. ಕಾಗದ ಸರಿಯಾದರೆ ಅವನು ಬರಲಿ ಎಂದರು ಮುಖ್ಯೋಪಾಧ್ಯಾಯಿನಿ. ಗವಿಸಿದ್ದೇಶ ಅಂಜಿನೇಯಲುವಿನ ಹತ್ತಿರ ನಿಂತು ಬಾಗಿಲು ತೆಗೆಸಿ, ಮೊದಲಿನ ತಗಡನ್ನೇ ಹುಡುಕಿ ಕೂರಿಸಿದ. ಹೊಸಪೇಟೆಗೆ ಮೂರು ಸಲ ಓಡಾಡಬೇಕಾಯಿತು. ಅಲ್ಲಿಯವರೆಗೆ ಅಮೃತಾ ಹಳದಿ ವ್ಯಾನ್ ಬಿಡಿಸಿ ಮಗಳನ್ನು ಕೈ ಹಿಡಿದು ನಡೆಸಿಕೊಂಡೇ ಹೋದಳು.

ಜೂನ್ ತಿಂಗಳಲ್ಲಿ, ಸಂತೆಯ ದಿನ, ಹಾರನ್ ಎರಡು ಸಲ ಕೇಳಿಸಿತು. ಗಾಡಿಯ ಎಡಮೈಯಲ್ಲಿ ಬೆಸುಗೆಯ ಗೆರೆ ಬಾಗಿಲಿನ ಆಕಾರದಲ್ಲೇ ಉಬ್ಬಿಕೊಂಡಿತ್ತು. ಕೋಮಲಾ ಹಿಂದಿನಿಂದ ಹತ್ತಿ, ಬೆಂಚಿನ ಸಂದಿಗೆ ಬೆರಳು ಹಾಕಿ ತಡಕಿದಳು. ಏನೂ ಸಿಗಲಿಲ್ಲ. ಗಾಡಿ ಬರೀ ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು.

"ತಾತಾ, ಮರಿ ಬರಲಿಲ್ಲೇನು?"

"ಇಲ್ಲವ್ವ. ಈಗ ಅವು ನಡ್ಕೊಂಡ ಹೋಗ್ತಾವ."

ಅಮೃತಾ ಹಿಂದಿನ ಬಾಗಿಲು ಹಿಡಿದು ನಿಂತಿದ್ದಳು. ಮರಿಗಳನ್ನು ಇದರಲ್ಲೇ ತರ್ರಿ ಎನ್ನಬೇಕೆಂದು ಬಾಯಿ ತೆರೆದಳು. ಕನ್ನಡಿಯಲ್ಲಿ ಅವನ ಕಣ್ಣು ಕಂಡವು. ಬಾಗಿಲು ಮುಚ್ಚಿ, ಚಿಲಕ ಬಿದ್ದಿದೆಯೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡಿದಳು.