ಅಟ್ಟದ ಕೊಬ್ಬರಿ, ಅವ್ವನ ಕೆಮ್ಮು

ಒಳ್ಳೆಯದನ್ನು ಶುರು ಮಾಡುವುದೇ ಕಷ್ಟ ಅಂತ ಓದಿದವರು ಹೇಳುತ್ತಾರೆ. ಸುಳ್ಳು. ಶುರು ಮಾಡುವುದಕ್ಕೆ ಅರ್ಧ ದಿನ ಸಾಕು. ಹುತ್ತದ ಮಣ್ಣು, ರಾಗಿ ಹೊಟ್ಟು, ಒಂದಿಷ್ಟು ಇಟ್ಟಿಗೆ, ಹೊಗೆ ಹೋಗಲು ಒಂದು ಸಿಮೆಂಟ್ ಪೈಪು ಕೊಡಿ. ಊಟದ ಹೊತ್ತಿಗೆ ನಿಮ್ಮ ಮನೆಯಲ್ಲಿ ಹೊಗೆಯಿಲ್ಲದ ಒಲೆ ಕಟ್ಟಿ ಕೈ ತೊಳೆದುಬಿಡುತ್ತೇನೆ. ಕಷ್ಟ ಇರುವುದು ಅದನ್ನು ದಿನಾ ಉರಿಸುವುದರಲ್ಲಿ.

ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಗಾರೆ ಕೆಲಸ ಬರುತ್ತದೆ ಅಂತ ಗುಬ್ಬಿಗೆ ಕರೆಸಿ ಸರ್ಕಾರದವರು ಈ ಒಲೆ ಕಟ್ಟುವುದು ಹೇಳಿಕೊಟ್ಟರು. ಜೊತೆಗೆ ಒಂದು ಭಾಷಣವನ್ನೂ ಕಲಿಸಿದರು. ಸೌದೆ ಉಳಿಯುತ್ತದೆ, ಸೌದೆ ಉಳಿದರೆ ಮರ, ಮರ ಉಳಿದರೆ ಮಳೆ. ಚೇಳೂರು ಸುತ್ತ ಊರೂರು ತಿರುಗಿ ಒಲೆ ಕಟ್ಟಿದೆ, ಭಾಷಣ ಬಿಗಿದೆ. ಎಲ್ಲರೂ ತಲೆ ಆಡಿಸಿದರು. ಸ್ವಲ್ಪ ದಿನ ಬಿಟ್ಟು ಅದೇ ದಾರಿಯಲ್ಲಿ ಹೋದರೆ ಒಂದು ಮನೆಯ ಒಲೆಯೊಳಗೆ ಕೋಳಿ ಕಾವಿಗೆ ಕೂತಿತ್ತು. ಇನ್ನೊಂದು ಮನೆಯಲ್ಲಿ ಒಲೆ ತುಂಬ ಈರುಳ್ಳಿ. ಬೀಡಿ ಸೇದುವುದಕ್ಕೆ ಯಾವ ಸರ್ಕಾರವೂ ತರಬೇತಿ ಕೊಟ್ಟಿಲ್ಲ, ಅದು ಒಂದೇ ದಿನಕ್ಕೆ ಅಂಟಿಕೊಳ್ಳುತ್ತದೆ. ಒಳ್ಳೆಯದಕ್ಕೆ ಮಾತ್ರ ಕ್ಯಾಂಪು ಮಾಡಬೇಕು, ಬೋರ್ಡು ಬರೆಸಬೇಕು, ಆಮೇಲೆ ಕೋಳಿ ಬಂದು ಕೂರಬೇಕು.

ಈ ಜನಕ್ಕೆ ಬುದ್ಧಿ ಬರಲ್ಲ ಅಂತ ಬೈಯುತ್ತಿದ್ದೆ, ನಮ್ಮ ಮನೆಯನ್ನು ನೋಡುವ ತನಕ.

ನಮ್ಮ ಮನೆಯ ಒಲೆ ಕಟ್ಟಿದ್ದು ಮಳೆಗಲ್ಲ, ಅವ್ವನಿಗೆ. ಅವಳದು ಬಹಳ ವರ್ಷದ ಕೆಮ್ಮು. ಡಾಕ್ಟರು ಎದೆ ನೋಡಿ, "ಔಷಧಿ ಆಮೇಲೆ, ಮೊದಲು ಹೊಗೆ ಬಿಡಿಸಿ. ಇಲ್ಲದಿದ್ದರೆ ಈ ಎದೆ ಜಾಸ್ತಿ ದಿನ ತಡೆಯಲ್ಲ," ಅಂದಿದ್ದರು. ಅವ್ವ ಹೊಸ ಒಲೆಗೆ ಅರಿಶಿನ ಕುಂಕುಮ ಇಟ್ಟಳು, ರಂಗೋಲಿ ಬಿಟ್ಟಳು. ನಾನು ಕೆಲಸಕ್ಕೆ ಹೋದ ಮೇಲೆ ಹಳೇ ಒಲೆಯಲ್ಲೇ ಅಡುಗೆ ಮಾಡಿದಳು.

ಇದು ಗೊತ್ತಾಗಿದ್ದು ಅಮೃತೂರಿನಿಂದ ಚಿಕ್ಕವ್ವ ಬಂದಾಗ. ಅವ್ವನ ತಂಗಿ. ಬಾಯಿ ಜೋರು, ಕಣ್ಣು ಅದಕ್ಕಿಂತ ಜೋರು.

"ಏನಕ್ಕಾ, ಒಲೆಗೆ ಒಂಚೂರೂ ಮಸಿ ಇಲ್ಲ? ಇದು ಉರಿಸಕ್ಕೋ, ಪೂಜೆ ಮಾಡಕ್ಕೋ?"

"ಮಗ ಕಟ್ಟವ್ನೆ ಕಣೇ. ಮಸಿ ಮಾಡಕ್ಕೆ ಮನ್ಸು ಬರಲ್ಲ," ಅಂದು ಅವ್ವ ಕೆಮ್ಮಿದಳು.

"ಸುಳ್ಳು ಹೇಳ್ಬೇಡ ಕಣವ್ವ," ಅಂದೆ ನಾನು. "ಡಾಕ್ಟ್ರು ಏನಂದ್ರು ನೆನಪೈತಾ?"

ಅವ್ವ ಮೇಲೆ ನೋಡಿದಳು. ಹಳೇ ಒಲೆಯ ನೆತ್ತಿಗೆ ಸರಿಯಾಗಿ ಅಟ್ಟ. ಅಟ್ಟದ ತುಂಬ ತೆಂಗಿನಕಾಯಿ, ಕೊಬ್ಬರಿಯಾಗಲಿ ಅಂತ ಹಾಕಿದ್ದು. "ಹೊಗೆ ತಾಕ್ದಿದ್ರೆ ಕೊಳೀತದೆ ಅಂತಾರೆ ಕಣ್ಲಾ ನಿಮ್ಮಪ್ಪ."

ನಾನು ಪೈಪು ಇಟ್ಟು ಹೊಗೆಯನ್ನು ಹಂಚಿನಾಚೆ ಕಳಿಸಿದ್ದೆ. ಅದಕ್ಕೆ ಅಟ್ಟದಲ್ಲಿ ಒಂದು ಕೆಲಸ ಇತ್ತು ಅನ್ನುವುದು ನನ್ನ ಭಾಷಣದಲ್ಲಿ ಇರಲಿಲ್ಲ.

ಅಪ್ಪ ಜಗಲಿಯಿಂದಲೇ ಕೂಗಿದ. "ನಮ್ಮಪ್ಪನ ಕಾಲದಿಂದ್ಲೂ ಹೊಗೇಲಿ ಆಗಿರೋ ಕೊಬ್ಬರಿ ಅದು. ನಿನ್ ಪೈಪ್ ನೋಡ್ಕಂಡು ಒಣಗ್ತದಾ?"

ನಾನು ಜಗಳಕ್ಕೆ ಹೊರಟೆ. ಚಿಕ್ಕವ್ವ ತಡೆದಳು. "ಸರಿ ಭಾವ. ಹೊಗೆ ಬೇಕಾಗಿರೋದು ನಿಮ್ಗೆ. ನೀವೇ ಹಾಕಿ. ಅಕ್ಕಂಗೆ ಬೇಕಾಗಿರೋದು ಮುದ್ದೆ ಬೇಯೋದು, ಅದಕ್ಕೆ ಹೊಸ ಒಲೆ ಸಾಕು."

"ಹಾಕ್ತೀನಿ ಬುಡು, ಅದೇನ್ ದೊಡ್ ಕೆಲ್ಸ," ಅಂದ ಅಪ್ಪ.

ಮಾರನೆಯ ಬೆಳಿಗ್ಗೆ ಹಳೇ ಒಲೆಗೆ ಒಣಗಿದ ತೆಂಗಿನ ಸಿಪ್ಪೆ ತುಂಬಿ ಊದಲು ಕೂತ. ಅವ್ವ, ಚಿಕ್ಕವ್ವ ಅಂಗಳದಲ್ಲಿ ರಾಗಿ ಕೇರುತ್ತಾ ಕೂತರು. ಸ್ವಲ್ಪ ಹೊತ್ತಿಗೆ ಅಪ್ಪ ಟವಲು ಮುಖಕ್ಕೆ ಒತ್ತಿಕೊಂಡು ಹೊರಗೆ ಬಂದ. ಕಣ್ಣು ಕೆಂಡದ ಹಾಗಿತ್ತು.

"ಇಷ್ಟು ವರ್ಷ ಇದ್ರೊಳಗೆ ಹೆಂಗ್ ಕೂತಿದ್ಯೇ?"

"ಮುದ್ದೆ ಬಿಸಿ ಇರ್ಬೇಕು ಅಂತಿದ್ರಲ್ಲ," ಅಂದಳು ಅವ್ವ. ಬೇಜಾರಿಗೆ ಹೇಳಿದ್ದಲ್ಲ, ಕೇಳಿದ್ದಕ್ಕೆ ಹೇಳಿದಳು ಅಷ್ಟೇ. ಅಪ್ಪ ಟವಲು ಕೊಡವಿಕೊಂಡು ಮತ್ತೆ ಒಳಗೆ ಹೋದ.

ಇನ್ನೂ ಕೆಲವು ದಿನ ಹಟಕ್ಕೆ ಊದಿದ. ಆಮೇಲೆ ಒಂದು ಮಧ್ಯಾಹ್ನ ಏಣಿ ಹಾಕಿ, ಅಟ್ಟಕ್ಕೆ ಗಾಳಿ ಆಡುವ ಹಾಗೆ ಒಂದೆರಡು ಹಂಚು ಸರಿಸಿ ತಂತಿ ಬಲೆ ಬಿಗಿದು, "ಗಾಳೀಲೂ ಆಗ್ತದೆ ಬುಡು," ಅಂದ. ಆ ಸಲ ಒಂದಿಷ್ಟು ಕಾಯಿ ಕೊಳೆತವು. ಹೊಗೆ ಇದ್ದಾಗಲೂ ಒಂದಿಷ್ಟು ಕೊಳೆಯುತ್ತಿದ್ದವು.

ಅಪ್ಪನದು ಮುಗಿಯಿತು ಅಂದುಕೊಂಡರೆ ನನ್ನದು ಶುರುವಾಯಿತು. ಹೊಸ ಒಲೆಯ ಬಾಯಿ ಸಣ್ಣದು. ದಪ್ಪ ಕೊರಡು ತುರುಕಿದರೆ ಅರ್ಧ ಹೊರಗೇ ಉಳಿದು ಹೊಗೆಯಾಡುತ್ತದೆ. "ಸೌದೆ ಸಣ್ಣಗೆ ಸೀಳಿಕೊಳ್ಳಿ" ಅಂತ ಊರೂರಲ್ಲಿ ಹೆಂಗಸರಿಗೆ ಹೇಳಿಕೊಂಡು ಬಂದಿದ್ದೆ. ಯಾವ ಮನೆಯಲ್ಲಿ ಹೆಂಗಸರ ಕೈಗೆ ಕೊಡಲಿ ಕೊಡುತ್ತಾರೆ? ಮರ ಉಳಿಸುವ ಭಾಷಣ ಹೊಡೆದವನು ದಿನಾ ಸಂಜೆ ಕೊಡಲಿ ಹಿಡಿದು ನಿಂತೆ. ಸುಸ್ತಾಗಿದೆ ಅಂತ ಒಂದೊಂದು ದಿನ ತಪ್ಪಿಸಿದ್ದೂ ಉಂಟು. ಅವ್ವ ಬೈಯುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಅಡುಗೆಮನೆಯಿಂದ ಕೆಮ್ಮು ಕೇಳುತ್ತಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಆಮೇಲೆ ಭಾಷಣ ಬಿಟ್ಟೆ. ಈಗ ಯಾರ ಮನೆಗೆ ಹೋದರೂ, "ಸೌದೆ ಸೀಳೋರು ಯಾರು? ಕರೀರಿ," ಅಂತೀನಿ. ಅವನು ಬಂದು ನಿಂತರೆ ಮಣ್ಣು ಕಲಸುತ್ತೇನೆ. ಬರದಿದ್ದರೆ ಬಸ್ಸು ಹತ್ತುತ್ತೇನೆ. ಒಳ್ಳೆಯ ಯೋಚನೆ ಎಲ್ಲರ ತಲೆಯಲ್ಲೂ ಇರುತ್ತದೆ, ಅದರ ಕೆಲಸ ಮಾತ್ರ ಮನೆಯಲ್ಲಿ ಯಾರೋ ಒಬ್ಬರ ತಲೆ ಮೇಲೆ ಬಿದ್ದಿರುತ್ತದೆ.

ಹಬ್ಬ ಕಳೆದು ಚಳಿ ಬಂತು. ಒಂದು ದಿನ ಕಣ್ಣು ಬಿಟ್ಟರೆ ಹಂಚಿನ ಸಂದಿಯಲ್ಲಿ ಬಿಸಿಲು. ಅಪ್ಪನೂ ಆಗಷ್ಟೇ ಏಳುತ್ತಿದ್ದ. ನನ್ನ ಬಸ್ಸು ಹೋಗಿತ್ತು. ಅವ್ವ ಅಡುಗೆ ಮುಗಿಸಿ ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು.

"ಎಬ್ಬಿಸ್ಬಾರ್ದಾ ಅವ್ವ?"

"ನಾನ್ ಯಾವತ್ಲಾ ಎಬ್ಬಿಸಿದ್ದೆ?"

ಹೌದು. ಇಷ್ಟು ವರ್ಷ ನಮ್ಮನ್ನು ಎಬ್ಬಿಸುತ್ತಿದ್ದದ್ದು ಅವಳ ಕೆಮ್ಮು. ಅವತ್ತೇ ಮುಂದಿನ ಬಸ್ಸು ಹಿಡಿದು ತುಮಕೂರಿಗೆ ಹೋಗಿ ಒಂದು ಅಲಾರಂ ಗಡಿಯಾರ ತಂದೆ. ಅದಕ್ಕೂ ದಿನಾ ಕೀ ಕೊಡಬೇಕು. ಅಪ್ಪ ಕೊಡುತ್ತಾನೆ.