ಅಮ್ಮನ ಚಿತ್ರ ನೋಡಲು ಬಂದವರು

ದೆವ್ವ, ಪ್ರೇತ, ಕನಸಿನಲ್ಲಿ ಬಂದು ಹೇಳಿಹೋಗುವ ಹಿರಿಯರು, ಇಂಥ ಮಾತು ಶುರುವಾದರೆ ಎದ್ದು ಅಡುಗೆಮನೆಗೆ ಹೋಗಿ ಕಾಫಿಗೆ ಇಡುವ ಪೈಕಿ ನಾನು. ಬಹಳ ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದವಳು. ಕಂಡದ್ದನ್ನು ಕಂಡ ಹಾಗೆ ಬರೆಯಿರಿ, ಇಲ್ಲದ್ದನ್ನು ಸೇರಿಸಬೇಡಿ ಎಂದು ಮಕ್ಕಳಿಗೆ ಹೇಳಿ ಹೇಳಿ ನನ್ನ ಬುದ್ಧಿಗೂ ಅದೇ ಅಭ್ಯಾಸವಾಗಿತ್ತು. ಈಗ ಹೇಳಹೊರಟಿರುವುದನ್ನು ನಾನು ಕಣ್ಣಾರೆ ಕಾಣಲಿಲ್ಲ. ಕಂಡಿದ್ದರೆ ಬಹುಶಃ ಇಷ್ಟು ಕಾಡುತ್ತಿರಲಿಲ್ಲ. ನೀವು ನಂಬಬೇಕೆಂಬ ಹಟವೂ ನನಗಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ನನ್ನಮ್ಮ ನನ್ನನ್ನು ಹೆತ್ತ ದಿನವೇ ಆಸ್ಪತ್ರೆಯಲ್ಲಿ ತೀರಿಕೊಂಡಳು. ನಾನು ಅತ್ತದ್ದು ಅವಳ ಕಿವಿಗೆ ಬಿತ್ತೋ ಇಲ್ಲವೋ, ಅದನ್ನು ಹೇಳುವವರೂ ನನಗೆ ಸಿಗಲಿಲ್ಲ. ಅಪ್ಪ ನನ್ನನ್ನು ಮಂಡ್ಯದಲ್ಲಿದ್ದ ತಮ್ಮ ಅಕ್ಕನ ಮಡಿಲಿಗೆ ಹಾಕಿ, ಮೈಸೂರು ಬಿಟ್ಟು ದೂರದೂರಿಗೆ ವರ್ಗ ಮಾಡಿಸಿಕೊಂಡು ಹೋದರು. ಆಮೇಲೆ ಮತ್ತೆ ಮದುವೆಯಾದರು. ಅಮ್ಮನದು ಒಂದು ಫೋಟೋ ಕೂಡ ಇರಲಿಲ್ಲ. ಫೋಟೋ ತೆಗೆಸುವಷ್ಟು ಅನುಕೂಲದಲ್ಲಿ ನಡೆದ ಮದುವೆಯಲ್ಲವಂತೆ ಅದು. ನಾನು ಸ್ವಲ್ಪ ದೊಡ್ಡವಳಾದ ಮೇಲೆ ಒಂದು ಸಲ ಧೈರ್ಯ ಮಾಡಿ, ಅಮ್ಮ ಹೇಗಿದ್ದಳು ಎಂದು ಅಪ್ಪನನ್ನು ಕೇಳಿದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ನಿನ್ನ ಹಂಗೇ ಇದ್ಲು ಕಣಮ್ಮ" ಎಂದವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟರು. ಹೆಸರೊಂದನ್ನು ಬಿಟ್ಟರೆ ಅಮ್ಮನ ಬಗ್ಗೆ ನನ್ನ ಪಾಲಿಗೆ ಬಂದದ್ದು ಅಷ್ಟೇ.

ಆ ಒಂದು ಮಾತನ್ನು ಹಿಡಿದುಕೊಂಡು ನಾನು ಅವಳ ಚಿತ್ರ ಬರೆದೆ. ಮೈಸೂರಿನಲ್ಲಿ ಕೆಲಸ ಸಿಕ್ಕಿ, ಕೃಷ್ಣಮೂರ್ತಿಪುರಂನಲ್ಲಿ ಮಹಡಿ ಮೇಲೊಂದು ಮನೆ ಹಿಡಿದ ಹೊಸತು. ಭಾನುವಾರಗಳಂದು ಕನ್ನಡಿಯ ಮುಂದೆ ಕೂತು ನನ್ನ ಮುಖದಿಂದ ಅಪ್ಪನನ್ನು ಕಳೆಯುತ್ತ ಹೋಗುವುದು, ಉಳಿದದ್ದು ಅಮ್ಮ ಎಂದುಕೊಳ್ಳುವುದು. ಮೂಗು ಅಪ್ಪನದೇ ಎಂದು ನನ್ನನ್ನು ಸಾಕಿದ ಅತ್ತೆ ಹೇಳುತ್ತಿದ್ದರು. ಅದಕ್ಕೇ ಮೂಗನ್ನು ಬದಲಿಸಿ ಸ್ವಲ್ಪ ಚೂಪು ಮಾಡಿದೆ. ಎಷ್ಟೋ ಕ್ಯಾನ್ವಾಸು ಹಾಳುಮಾಡಿದ ಮೇಲೆ ಒಂದು ಚಿತ್ರ ನಿಂತಿತು. ಹಸಿರು ಸೀರೆಯ, ಇನ್ನೂ ಹುಡುಗಿಯಂತೆಯೇ ಇರುವ ಹೆಂಗಸು. ಅದನ್ನು ನಡುಮನೆಯಲ್ಲಿ ನೇತುಹಾಕಿದೆ. ನಾನು ಮದುವೆಯಾಗಲಿಲ್ಲ. ಅತ್ತೆಯೂ ಹೋದ ಮೇಲೆ, ಮನೆಯಿಂದ ಹೊರಡುವಾಗ ಹೋಗಿಬರುತ್ತೇನೆ ಎಂದು ಹೇಳುವುದಕ್ಕೆ ಆ ಚಿತ್ರವೊಂದೇ ಉಳಿಯಿತು. ಜೋರಾಗಿಯೇ ಹೇಳುತ್ತಿದ್ದೆ. ಒಂಟಿಯಾಗಿ ಇರುವವರಿಗೆ ಇದರಲ್ಲಿ ವಿಶೇಷವೇನೂ ಕಾಣಿಸದು.

ನಿವೃತ್ತಿಯಾದ ಮೇಲೆ ಗಮನಿಸಿದೆ, ಚಿತ್ರದ ಬಣ್ಣ ಕೆನ್ನೆಯ ಹತ್ತಿರ ಬಿರಿಯತೊಡಗಿತ್ತು. ಪೂರ್ತಿ ಹಾಳಾಗುವ ಮೊದಲು ಪ್ರತಿ ಮಾಡಿಸಿಡೋಣ ಎಂದು ಬನ್ನಿಮಂಟಪದ ಒಂದು ಪ್ರಿಂಟಿಂಗ್ ಅಂಗಡಿಗೆ ಆಟೋದಲ್ಲಿ ತೆಗೆದುಕೊಂಡು ಹೋದೆ. ಅಂಗಡಿಯವನ ಹೆಸರು ಸಿದ್ದರಾಜು. ನಂಜನಗೂಡು ಕಡೆಯ ಹಳ್ಳಿಯವನು, ನನ್ನ ಹಳೇ ವಿದ್ಯಾರ್ಥಿಗಳ ವಯಸ್ಸು. ಗಲ್ಲಾದ ಮೇಲೆ ಬುದ್ಧನ ಪುಟ್ಟ ಚಿತ್ರ, ಗೋಡೆ ತುಂಬ ಶ್ರದ್ಧಾಂಜಲಿಯ ಮುಖಗಳು, ನಡುನಡುವೆ ಮಕ್ಕಳ ಹುಟ್ಟುಹಬ್ಬ. ಅವನು ಚಿತ್ರವನ್ನು ಬೆಳಕಿಗೆ ಹಿಡಿದು ಫೋಟೋ ತೆಗೆದು, ಕ್ಯಾನ್ವಾಸಿನ ಮೇಲೆಯೇ ಅಚ್ಚುಹಾಕಿಕೊಟ್ಟ. ಪ್ರತಿ ಎಷ್ಟು ಚೆನ್ನಾಗಿತ್ತೆಂದರೆ ಬಿರುಕು ಕೂಡ ಬೆರಳಿಗೆ ಸಿಗುತ್ತದೇನೋ ಎನ್ನಿಸುತ್ತಿತ್ತು.

"ಯಾರು ಮೇಡಂ ಇವ್ರು?"

"ನಮ್ಮಮ್ಮ. ನಾನೇ ಬರೆದದ್ದು."

"ಇನ್ನೊಂದು ಪ್ರಿಂಟ್ ತೆಗೆದು ಮುಂದ್ಗಡೆ ಗ್ಲಾಸ್ ಒಳಗೆ ಆಕ್ಕೋತೀನಿ ಮೇಡಂ, ಸ್ಯಾಂಪಲ್ಲಿಗೆ. ಪೇಂಟಿಂಗ್ ಕಾಪಿ ಇಂಗೆ ಬರ್ತದೆ ಅಂದ್ರೆ ಜನ ನಂಬಾಕಿಲ್ಲ."

ನಾನು ಒಪ್ಪಿದೆ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ನನ್ನನ್ನು ಬಿಟ್ಟು ಬೇರೆಯವರೂ ಅಮ್ಮನನ್ನು ನೋಡುತ್ತಾರಲ್ಲ ಎಂದು. ಅವನು ಚಿತ್ರದ ಪಕ್ಕ ನನ್ನನ್ನೂ ನಿಲ್ಲಿಸಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆದ. ಅದರ ಸಣ್ಣ ಪ್ರಿಂಟು ಕೌಂಟರಿನ ಪಕ್ಕದ ಗೋಡೆಯಲ್ಲಿ ಉಳಿದ ಗಿರಾಕಿಗಳ ಫೋಟೋಗಳ ಜೊತೆ ಸೇರಿತು.

ಕೆಲವು ವಾರಗಳ ನಂತರ ಸಿದ್ದರಾಜು ಫೋನ್ ಮಾಡಿದ. "ಮೇಡಂ, ಒಬ್ರು ಅಜ್ಜಿ ಚರ್ಚಿಗೆ ಹೋಗಿ ಬರೋವಾಗೆಲ್ಲ ನಿಮ್ಮಮ್ಮನ ಫೋಟೋ ಮುಂದೆ ನಿಂತ್ಕೊಬುಡ್ತಾರೆ. ಯಾಕಜ್ಜಿ ಅಂದ್ರೆ ಅಳ್ತಾರೆ. ಒಂದ್ಸಲ ಬಂದೋಗಿ."

ಚರ್ಚ್ ಬಿಡುವ ಹೊತ್ತಿಗೆ ಹೋದೆ. ಗಾಜಿನ ಮುಂದೆ ಕೊಡೆ ಊರಿಕೊಂಡು ನಿಂತಿದ್ದ ಆ ಮುದುಕಿಯ ಹೆಸರು ಫಿಲೋಮಿನಮ್ಮ. ನನ್ನನ್ನು ನೋಡಿ, ಪ್ರಿಂಟನ್ನು ನೋಡಿ, "ಇವ್ಳು ನಮ್ಮ ಸರೋಜಕ್ಕ ಅಲ್ವೇನಮ್ಮ?" ಎಂದರು.

ಅಮ್ಮನ ಹೆಸರು ಸರೋಜ. ಅದನ್ನು ನಾನು ಸಿದ್ದರಾಜುಗೆ ಹೇಳಿರಲಿಲ್ಲ, ಚಿತ್ರದ ಮೇಲೂ ಬರೆದಿರಲಿಲ್ಲ.

ಅಮ್ಮ ಅಪ್ಪ ಇದ್ದ ವಠಾರದಲ್ಲೇ ಫಿಲೋಮಿನಮ್ಮನ ಮನೆಯವರೂ ಇದ್ದರಂತೆ. ಆಗ ಅವರು ಲಂಗ ದಾವಣಿಯ ಹುಡುಗಿ. ಅಮ್ಮನ ಹತ್ತಿರ ಕ್ರೋಷಾ ಹಾಕುವುದನ್ನು ಕಲಿಯುತ್ತಿದ್ದರಂತೆ. "ಆಸ್ಪತ್ರೆಗೆ ಹೋಗೋವಾಗ ಜಟಕಾ ಹತ್ತಿಸಿದ್ದೇ ನಾನು ಕಣಮ್ಮ. ಕೈಗೆ ಬಟ್ಟೆ ಗಂಟು ಕೊಟ್ಟೆ. ಆಮೇಲೆ ನಿಮ್ಮಪ್ಪ ಒಬ್ರೇ ಬಂದು ಸಾಮಾನು ತಗೊಂಡು ಹೋದ್ರು. ಯಾರ ಜೊತೆಗೂ ಮಾತಾಡ್ಲಿಲ್ಲ. ಮಗೂನೂ ಹೋಯ್ತು ಅಂತ್ಲೇ ನಾವೆಲ್ಲ ಅಂದ್ಕೊಂಡಿದ್ವಿ."

"ಆ ಮಗು ನಾನೇ" ಎಂದೆ. ಅವರು ಕೊಡೆಯನ್ನು ಕೆಳಗೆ ಬಿಟ್ಟು ನನ್ನ ಎರಡೂ ಕೆನ್ನೆ ಹಿಡಿದುಕೊಂಡರು. ನನ್ನ ವಯಸ್ಸಿನವಳ ಕೆನ್ನೆಯನ್ನು ಯಾರು ಹಾಗೆ ಹಿಡಿದುಕೊಳ್ಳುತ್ತಾರೆ? ರಸ್ತೆಯಲ್ಲೇ ಅತ್ತುಬಿಟ್ಟೆ. ಸ್ವಲ್ಪ ಸಮಾಧಾನವಾದ ಮೇಲೆ ಅವರು ಚಿತ್ರದ ಕಡೆ ತಿರುಗಿ, "ಎಲ್ಲಾ ಸರಿಯಾಗಿದೆ. ಮೂಗು ಮಾತ್ರ ಇದಲ್ಲ. ಅವಳ ಮೂಗು ನಿನ್ನ ಥರಾನೇ ಇತ್ತು" ಎಂದರು. ಅತ್ತೆಯ ಮಾತು ಕೇಳಿ ನಾನು ಕೆಡಿಸಿದ್ದು ಅಮ್ಮನ ಮೂಗನ್ನೇ!

ಇಲ್ಲಿಯವರೆಗೆ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಮಗಳ ಮುಖ ನೋಡಿ ಬರೆದ ಚಿತ್ರದಲ್ಲಿ ತಾಯಿಯ ಹೋಲಿಕೆ ಬಂತು, ಅವಳನ್ನು ಬಲ್ಲವರು ಗುರುತು ಹಿಡಿದರು. ನಾನು ಫಿಲೋಮಿನಮ್ಮನಿಗೂ ಒಂದು ಪ್ರತಿ ಮಾಡಿಕೊಡಲು ಸಿದ್ದರಾಜುಗೆ ಹೇಳಿ, ಬಹಳ ದಿನಗಳ ಮೇಲೆ ಹಗುರಾದ ಮನಸ್ಸಿನಿಂದ ಮನೆಗೆ ಹೋದೆ.

ಪ್ರತಿ ತರಲೆಂದು ಮುಂದಿನ ವಾರ ಮಧ್ಯಾಹ್ನ ಹೋದಾಗ ಸಿದ್ದರಾಜು ಬಾಗಿಲಲ್ಲೇ ನಕ್ಕ. "ಏನ್ ಮೇಡಂ, ಅಜ್ಜಿ ಆಗ್ತಿದ್ದೀರಾ, ಒಂದು ಮಾತೂ ಏಳ್ಲಿಲ್ಲ! ಸ್ವೀಟ್ ಯಾವಾಗ?"

ನನಗೆ ಅರ್ಥವಾಗಲಿಲ್ಲ.

"ನಿಮ್ಮ ಮಗಳು ಬಂದಿದ್ರಲ್ಲ ನೆನ್ನೆ, ಇದೇ ಒತ್ತಲ್ಲಿ. ಪಾಪ, ತುಂಬಿದ ಬಸುರಿ, ಸೊಂಟಕ್ಕೆ ಕೈ ಕೊಟ್ಕೊಂಡು ಆ ಬಿಸಿಲಲ್ಲಿ ನಡ್ಕೊಂಡು ಬಂದವ್ರೆ. ನಾನೇ ಸ್ಟೂಲ್ ಆಕಿ ಕೂರಿಸ್ದೆ. ಮಖ ಎಲ್ಲ ಅವರಜ್ಜೀದೇ ಅಚ್ಚೊತ್ತಿದಂಗದೆ ಮೇಡಂ, ಮೂಗು ಮಾತ್ರ ನಿಮ್ದು."

"ನನಗೆ ಮಗಳಿಲ್ಲ ಸಿದ್ದರಾಜು. ನನಗೆ ಮದುವೆಯೇ ಆಗಿಲ್ಲ."

ಅವನು ನಗುತ್ತಲೇ ಇದ್ದ, ಆಮೇಲೆ ನಿಲ್ಲಿಸಿದ. "ತಮಾಸೆ ಮಾಡ್ಬೇಡಿ ಮೇಡಂ. ನಿಮ್ಮ ಫೋಟೋ ಕೇಳಿದ್ರು, ಕೊಟ್ಟಿವ್ನಿ" ಎಂದು ಗೋಡೆ ತೋರಿಸಿದ. ನನ್ನ ಫೋಟೋ ಇದ್ದಲ್ಲಿ ಅಂಟಿನ ಗುರುತು ಮಾತ್ರ ಇತ್ತು.

ಮೂಗಿನ ಮಾತು ಬಂದ ದಿನ ಸಿದ್ದರಾಜು ಅಲ್ಲೇ ಇದ್ದ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಅವನ ಮುಖದ ಬಣ್ಣ ಹೋದದ್ದು ನಟನೆಯಂತೆ ನನಗೆ ಕಾಣಲಿಲ್ಲ. ಅಂಗಡಿಯಲ್ಲಿ ಗಲ್ಲಾದ ಮೇಲೊಂದು ಕ್ಯಾಮೆರಾ ಇತ್ತು. ಇಬ್ಬರೂ ಕೂತು ಹಿಂದಿನ ದಿನದ್ದನ್ನು ನೋಡಿದೆವು. ಸಿದ್ದರಾಜು ಯಾರ ಜೊತೆಗೋ ನಗುತ್ತ ಮಾತಾಡುತ್ತಾನೆ. ಸ್ಟೂಲನ್ನು ಕೌಂಟರಿನ ಆಚೆಗೆ ಸರಿಸುತ್ತಾನೆ. ಗೋಡೆಯಿಂದ ಫೋಟೋ ಬಿಡಿಸಿ, ಎರಡೂ ಕೈಯಿಂದ ಮುಂದಕ್ಕೆ ಚಾಚುತ್ತಾನೆ. ಕೈ ಹಿಂದಕ್ಕೆ ಬಂದಾಗ ಬರಿದಾಗಿರುತ್ತದೆ. ಕ್ಯಾಮೆರಾ ಹಾಕಿದ್ದು ದುಡ್ಡಿನ ಪೆಟ್ಟಿಗೆಗಾಗಿ. ಕೌಂಟರಿನ ಆಚೆ ನಿಂತವರು ಅದಕ್ಕೆ ಸಿಗುವುದಿಲ್ಲ. ಅವನು ಅದನ್ನೇ ಮತ್ತೆ ಮತ್ತೆ ಹಾಕಿದ. ಸಾಕು ಬಿಡಪ್ಪ ಎಂದು ನಾನೇ ಎದ್ದೆ.

ಫಿಲೋಮಿನಮ್ಮನ ಮನೆ ಎರಡು ಬೀದಿ ಆಚೆ. ಪ್ರತಿಯನ್ನು ಕೊಟ್ಟು, ನಡೆದದ್ದನ್ನು ಹೇಳಿದೆ. ನಕ್ಕುಬಿಟ್ಟಿದ್ದರೆ ಚೆನ್ನಾಗಿತ್ತು. ಅವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಕೇಳಿದ್ದು ಒಂದೇ, "ಏನಾದ್ರೂ ಮಾತಾಡಿದ್ಲಂತಾ?"

ಅದನ್ನು ಕೇಳಬೇಕೆಂದು ನನಗೆ ತೋಚಿರಲಿಲ್ಲ. ಅಲ್ಲಿಂದಲೇ ಸಿದ್ದರಾಜುಗೆ ಫೋನ್ ಮಾಡಿ, ಫಿಲೋಮಿನಮ್ಮನಿಗೂ ಕೇಳುವ ಹಾಗೆ ಸ್ಪೀಕರಿನಲ್ಲಿ ಇಟ್ಟೆ.

"ಜಾಸ್ತಿ ಮಾತಿಲ್ಲ ಮೇಡಂ. ಚಿತ್ರ ಬರ್ದೋರು ಯಾರು ಅಂತ ಕೇಳಿದ್ರು. ನಿಮ್ಮ ಫೋಟೋ ತೋರಿಸ್ದೆ. ನಿಮ್ಮಮ್ಮನ್ನ ನೀವೇ ಗುರ್ತಿಡೀದೆ ಓದ್ರೆ ಎಂಗೆ ಅಂತ ತಮಾಸೆ ಮಾಡ್ದೆ. ಅವ್ರು ಫೋಟೋನ ಕಣ್ಣತ್ರ ಇಟ್ಕೊಂಡು ಬಾಳ ಒತ್ತು ನೋಡಿದ್ರು. 'ಇಷ್ಟು ವಯಸ್ಸಾಯ್ತಾ? ತಲೆಯೆಲ್ಲ ಬೆಳ್ಳಗಾಗಿದೆ' ಅಂದ್ರು. ರಿಟೈರ್ ಆಗೋಗವ್ರಲ್ಲ ಅಂದೆ. ಅದುಕ್ಕೆ ಎಷ್ಟು ಖುಷಿಪಟ್ರು ಅಂತೀರಾ! ನಗ್ತಾ ನಗ್ತಾ ಕಣ್ಣಲ್ಲಿ ನೀರು. ನನಗೆ ಇಚಿತ್ರ ಅನ್ನಿಸ್ತು. ಅಮ್ಮಂಗೆ ವಯಸ್ಸಾಯ್ತು ಅಂತ ಯಾರಾದ್ರೂ ಖುಷಿಪಡ್ತಾರಾ? ಆಮೇಲೆ ಸೆರಗಲ್ಲಿ ಫೋಟೋ ಸುತ್ಕೊಂಡು ಎದ್ರು."

ಫಿಲೋಮಿನಮ್ಮ ಕೈಯಲ್ಲಿ ಜಪಸರ ಹಿಡಿದು ಗೋಡೆಗೆ ಒರಗಿದ್ದರು. ಒಳಗೆ ಅವರ ಸೊಸೆ ಕುಕ್ಕರ್ ಇಳಿಸಿದ ಸದ್ದು ಕೇಳಿಸಿತು.

ಫಿಲೋಮಿನಮ್ಮ ಈಗಿಲ್ಲ. ಅವರು ಹೋದ ಮೇಲೆ ಈ ಮಾತನ್ನು ಆಡಲು ನನಗೆ ಸಿದ್ದರಾಜು ಒಬ್ಬನೇ. ನಾನು ಎಲ್ಲ ಬಗೆಯಲ್ಲೂ ಯೋಚಿಸಿದ್ದೇನೆ. ಯಾರೋ ದಾರಿಹೋಕ ಬಸುರಿ ಹೆಂಗಸು ಬಂದಿರಬಹುದು, ಗಾಜಿನೊಳಗಿನ ಮುಖವನ್ನು ದಿನವೂ ನೋಡುತ್ತಿದ್ದ ಸಿದ್ದರಾಜುವಿಗೆ ಅವಳಲ್ಲೂ ಅದೇ ಮುಖ ಕಂಡಿರಬಹುದು. ಆದರೆ ಅಪರಿಚಿತ ಮುದುಕಿಯ ಫೋಟೋ ಅವಳಿಗೇಕೆ? ನನ್ನ ನರೆಗೂದಲು ಕಂಡು ಅವಳೇಕೆ ಸಂತೋಷಪಡಬೇಕು? ಇದಕ್ಕೆ ಉತ್ತರ ನಿಮ್ಮಲ್ಲಿದ್ದರೆ ನಾನು ಬೇಡವೆನ್ನುವುದಿಲ್ಲ.

ಒಂದು ಪ್ರಶ್ನೆಯನ್ನು ಮಾತ್ರ ಬಹಳ ದಿನ ಕೇಳಲಾರದೆ ಇಟ್ಟುಕೊಂಡಿದ್ದೆ. ಮೊನ್ನೆ ಬನ್ನಿಮಂಟಪದ ಕಡೆ ಹೋದಾಗ ಕೇಳಿಯೇಬಿಟ್ಟೆ. ಅವಳು ನನ್ನ ಮನೆ ಎಲ್ಲಿ ಎಂದು ಕೇಳಲಿಲ್ಲವೇ?

ಸಿದ್ದರಾಜು ಬಟ್ಟೆ ತೆಗೆದುಕೊಂಡು ಕೌಂಟರನ್ನು ಒರೆಸತೊಡಗಿದ. "ಕೇಳ್ಲಿಲ್ಲ ಮೇಡಂ. ಆದ್ರೆ ಅಂಗಡಿಯಿಂದ ಈಚೆ ಓಗಿ, ಯಾವ ಕಡೆ ತಿರುಗಬೇಕು ಅಂತ ಗೊತ್ತಾಗ್ದೋರಂಗೆ ರಸ್ತೇಲಿ ನಿಂತಿದ್ರು. ನಿಮ್ಮನೇಗೆ ತಾನೇ ಓಗೋದು, ಮಗಳಿಗೆ ದಾರಿ ಗೊತ್ತಿರ್ತದೆ ಅಂದ್ಕೊಂಡು ನಾನು ಕರೀನಿಲ್ಲ."