ಎಂಟು ಏಳೂವರೆಯಾದದ್ದು

ಮಗಳ ರಕ್ತ ಎಂಟಕ್ಕೆ ಇಳಿದಿದೆ ಅಂತ ಅವಳ ಗಂಡನ ಮನೆ ಕಲ್ಯಾಣದುರ್ಗದಿಂದ ಫೋನ್ ಬಂದ ಮಾರನೆಯ ದಿನವೇ ನಾನು ಬಸ್ಸು ಹತ್ತಿದೆ. ಚೊಚ್ಚಲ ಬಸುರಿ, ಏಳನೇ ತಿಂಗಳು. ಹೇಗಿದ್ದರೂ ಹೆರಿಗೆಗೆ ಹಿಂದೂಪುರಕ್ಕೆ ಕರೆತರಬೇಕಾದವಳು, ನಾಲ್ಕು ದಿನ ಮುಂಚೆ ತಂದರೆ ತಪ್ಪೇನು? ನನ್ನ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಅದೇ ವಾರ ಅವಳು ಫೋನಲ್ಲಿ, "ಇಲ್ಲಿ ಟೀನೇ ಕೊಡಲ್ಲ ಕಣಮ್ಮ" ಅಂದಿದ್ದಳು. ಬಸುರಿಗೆ ಒಂದು ಲೋಟ ಟೀ ಕೊಡದ ಮನೆಯಲ್ಲಿ ರಕ್ತ ಎಲ್ಲಿಂದ ಏರುತ್ತೆ ಸ್ವಾಮಿ!

ಮಗಳನ್ನು ಕರಕೊಂಡು ಹೊರಡುವಾಗ ಬೀಗಿತ್ತಿ ಕಡಲೆಬೀಜ ಬೆಲ್ಲದ ಉಂಡೆಯ ಡಬ್ಬಿ ನನ್ನ ಕೈಗಿಟ್ಟು, "ವದಿನಾ, ಉಂಡ ಮೇಲೆ ಟೀ ಮಾತ್ರ ಬ್ಯಾಡ" ಅಂದರು. ಅತ್ತಿಗೆ ಅನ್ನೋದಕ್ಕೆ ಅವರದು ತೆಲುಗಿನ ವದಿನಾ. ಡಬ್ಬಿ ತಗೊಂಡೆ, ಮಾತು ತಗೊಳ್ಳಲಿಲ್ಲ. ಅಷ್ಟು ಹೊಲ ಇಟ್ಟುಕೊಂಡೂ ಎಂಥ ಜಿಪುಣಿ ಅಂದುಕೊಂಡೆ.

ನಮ್ಮದು ನೇಯ್ಗೆಯ ಮನೆ. ಉಂಡು ಕೈ ತೊಳೆಯುವಷ್ಟರಲ್ಲಿ ಟೀ ಬರದಿದ್ದರೆ ಮಗ್ಗದ ಮುಂದೆ ಯಾರೂ ಕೂರುವುದಿಲ್ಲ. ಮಗಳಿಗೂ ಹಾಗೇ ಕೊಟ್ಟೆ. ಊಟಕ್ಕೆ ಮುದ್ದೆ, ನುಗ್ಗೆ ಸೊಪ್ಪು, ಹುರುಳಿ ಸಾರು, ಭಾನುವಾರ ಕುರಿಯ ಈಲಿ ಹುರಿದು ಹಾಕಿದೆ. ಎದುರುಮನೆಯವಳು ಖರ್ಜೂರ ತಿನ್ನಿಸು ಅಂದಳು. ಪಕ್ಕದ ಮನೆಯವಳು ಕಪ್ಪಗಿರೋದು ತಿಂದರೆ ಮಗು ಕಪ್ಪಾಗುತ್ತೆ ಅಂದಳು. ನಮ್ಮನೆಯವರು ಮೊಬೈಲಲ್ಲಿ ಏನೋ ನೋಡಿ ದಾಳಿಂಬೆ ತಂದರು. ಯಾರ ಮಾತು ಕೇಳಲಿ? ತಲೆ ಕೆಟ್ಟು ಗೊಬ್ಬರವಾಯಿತು. ಕೊನೆಗೆ ನನ್ನ ಬುದ್ಧಿಯನ್ನೇ ನಂಬಿದೆ. ರೇಷ್ಮೆಗೆ ಬಣ್ಣ ಹಾಕುವವಳು ನಾನು. ಕೆಂಪಲ್ಲಿ ಅದ್ದಿದ ನೂಲು ಕೆಂಪಾಗುತ್ತೆ. ಹಾಗಂತ ಮೂರು ಹೊತ್ತೂ ಬೀಟ್‌ರೂಟು ಕುದಿಸಿ ಕುಡಿಸಿದೆ. ಕಬ್ಬಿಣದ ಮಾತ್ರೆ ಕಂಡರೆ ಅವಳಿಗೆ ವಾಕರಿಕೆ. "ಟೀಲಿ ನುಂಗ್ಬುಡು, ವಾಸ್ನೆ ಗೊತ್ತಾಗಲ್ಲ" ಅಂತ ಹೇಳಿಕೊಟ್ಟವಳೂ ನಾನೇ.

ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದರೆ ಏಳೂವರೆ! ಇನ್ನೊಂದು ಸಲ ನೋಡಿ ಅಂದೆ. ಅದೇ ಏಳೂವರೆ. ಟೀ ಕೂಡ ಕೊಡದ ಮನೆಯಲ್ಲಿ ಎಂಟು, ಇಷ್ಟೆಲ್ಲ ತಿನ್ನಿಸಿದ ನನ್ನ ಮನೆಯಲ್ಲಿ ಏಳೂವರೆ, ಇದ್ಯಾವ ನ್ಯಾಯ? "ಹೀಗೇ ಇದ್ದರೆ ಇಲ್ಲಿ ಹೆರಿಗೆ ಮಾಡಕ್ಕಾಗಲ್ಲ, ಅನಂತಪುರಕ್ಕೆ ಹೋಗಿ ರಕ್ತ ಏರಿಸಬೇಕು. ಹೆರಿಗೇಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ಇವರು ತಡಕೊಳ್ಳಲ್ಲ" ಅಂದರು ಡಾಕ್ಟರಮ್ಮ.

ಹೊರಗೆ ನರ್ಸಮ್ಮ ಮಗಳನ್ನು ಕೂರಿಸಿಕೊಂಡು, "ಮಾತ್ರೆ ಯಾತರಲ್ಲಿ ನುಂಗ್ತೀಯಮ್ಮ?" ಅಂದರು.

ಮಗಳು ನನ್ನ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದಳು. "ನೀರಲ್ಲಿ" ಅಂದಳು.

ಸುಳ್ಳು ಯಾಕೆ ಹೇಳಿದಳು ಅಂತ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು, ಟೀ ಬೇಡ ಅನ್ನೋದು ಅವಳಿಗೂ ಗೊತ್ತಿತ್ತು, ತಪ್ಪು ನನ್ನ ಮೇಲೆ ಬರದಿರಲಿ ಅಂತ ನೀರು ಅಂದಿದ್ದಳು. "ಇಲ್ಲ ನರ್ಸಮ್ಮ, ಟೀಲಿ. ನಾನೇ ಕೊಟ್ಟಿದ್ದು" ಅಂದೆ.

ನರ್ಸಮ್ಮ ಹಣೆ ಚಚ್ಚಿಕೊಂಡರು. "ಸೊಪ್ಪಲ್ಲಿರೋ ಕಬ್ಬಿಣಾನೂ ಮಾತ್ರೇಲಿರೋದನ್ನೂ ಟೀ ಮೈಗೆ ಹತ್ತಕ್ಕೇ ಬಿಡಲ್ಲ. ನಿಂಬೆಹಣ್ಣಿನ ನೀರಲ್ಲಿ ನುಂಗ್ಸಿ."

"ಮತ್ತೆ ಬೀಟ್‌ರೂಟು?"

"ತಿನ್ಲಿ ಬಿಡಿ. ಅದರ ಕೆಂಪಿಗೂ ರಕ್ತಕ್ಕೂ ಸಂಬಂಧ ಇಲ್ಲ."

ಅವತ್ತೇ ಬೀಗಿತ್ತಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆ ಅಂತ ಕಾದೆ. "ನಾಳೆ ಬತ್ತೀನಿ ವದಿನಾ" ಅಂದರು, ಅಷ್ಟೇ. ಬಂದವರು ಒಂದು ತಿಂಗಳು ನಮ್ಮಲ್ಲೇ ಉಳಿದರು. ಅದೇ ಸೊಪ್ಪು, ಅದೇ ಮುದ್ದೆ, ಮಾತ್ರೆಗೆ ನಿಂಬೆಹಣ್ಣಿನ ನೀರು, ಮಗಳಿಗೆ ಟೀ ಬಂದ್. ಬೀಗಿತ್ತಿ ನಮ್ಮ ಮನೆಯ ಟೀಯನ್ನು ಮಾತ್ರ ಒಂದು ದಿನವೂ ಮುಟ್ಟಲಿಲ್ಲ. ನನಗೆ ಒಳಗೊಳಗೇ ಉರಿ. ನನ್ನ ಕೈಯ ಟೀ ಸೇರದಷ್ಟು ದೊಡ್ಡಸ್ತಿಕೆಯೇ ಇವರಿಗೆ?

ತಿಂಗಳ ಕೊನೆಗೆ ಒಂಬತ್ತೂವರೆ ಬಂತು. "ಇಲ್ಲೇ ಹೆರಿಗೆ ಮಾಡೋಣ" ಅಂದರು ಡಾಕ್ಟರಮ್ಮ. ನಾನು ಅಲ್ಲೇ ಅತ್ತುಬಿಟ್ಟೆ. ಸೊಪ್ಪಿನಿಂದಲೋ, ಮಾತ್ರೆಯಿಂದಲೋ, ಟೀ ನಿಂತದ್ದರಿಂದಲೋ, ನನಗೆ ಈಗಲೂ ಸರಿಯಾಗಿ ತಿಳಿಯದು.

ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಎರಡು ಟೀ ತಗೊಂಡು ಒಂದನ್ನು ಬೀಗಿತ್ತಿಗೆ ಹಿಡಿದೆ. "ಇವತ್ತಾದ್ರೂ ಕುಡೀರಿ. ನಮ್ಮನೆ ಟೀ ಅಂತೂ ನಿಮಗೆ ಸೇರ್ಲಿಲ್ಲ."

"ಸೇರದೆ ಏನು ವದಿನಾ! ದಿನಕ್ಕೆ ಆರು ಲೋಟ ಕುಡೀತಿದ್ದೋಳು ನಾನು" ಅಂತ ನಕ್ಕರು. "ಅಂಗನವಾಡಿಯಮ್ಮ ಇವ್ಳಿಗೆ ಟೀ ಬ್ಯಾಡ ಅಂದ ದಿನಾನೇ ಬಿಟ್ಬುಟ್ಟೆ. ಇವ್ಳ ಮುಂದೆ ನಾನೊಬ್ಳೇ ಹೆಂಗೆ ಕುಡೀಲಿ? ಹೆರಿಗೆ ಆಗ್ಲಿ, ಮೂರು ಜನಾನೂ ಕೂತ್ಕಂಡು ಕುಡಿಯೋಣ."

ಆ ತಿಂಗಳು ಪೂರ್ತಿ ನಾನು ಮಗ್ಗದ ಹಿಂದೆ ಕೂತು, ಮಗಳ ಕಣ್ಣು ತಪ್ಪಿಸಿ, ಮೂರು ಹೊತ್ತೂ ಟೀ ಕುಡಿದಿದ್ದೆ.